ಹುಳ ಮೇಯುವ ಸದ್ದು

ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದ ರೇಷ್ಮೆ ಹುಳ ಸೊಪ್ಪು ಮೇಯುವ ಸದ್ದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಹೊರಗೆ ಬಿಸಿಲು ಕಾಯುತ್ತಿದ್ದರೂ ಹುಳದ ಮನೆಯೊಳಗೆ ಹೆಂಚಿನ ಮೇಲೆ ಸೋನೆಮಳೆ ಹಿಡಿದಂತಿರುತ್ತದೆ. ಸಾವಿರಾರು ಸಣ್ಣ ಬಾಯಿಗಳು ಹಿಪ್ಪುನೇರಳೆ ಎಲೆಯ ಅಂಚನ್ನು ಕತ್ತರಿಸುವ ಸದ್ದು ಅದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಎಷ್ಟೋ ಮಕ್ಕಳು ಈ ಸದ್ದಿನ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗಿ ಬೆಳೆದವರು. ನನ್ನ ತಂಗಿಯ ಮಗಳೂ ಹಾಗೇ ಬೆಳೆದಳು. ಅದೇ ಹುಡುಗಿ ಕಾಲೇಜಿಗಾಗಿ ಒಂದು ಹಾಡಿನ ವಿಡಿಯೊ ಮಾಡಲು ಕಂಪ್ಯೂಟರಿನ ಮುಂದೆ ಕೂತಾಗ ಆ ಸದ್ದನ್ನು ‘ನಾಯ್ಸ್’ ಎಂದು ಕರೆದಳು.

ವಿಡಿಯೊ ಮಾಡಲು ಹೊರಟ ಗೆಳೆಯರು ನಾಲ್ಕು ಜನ. ಇವಳು ಕನಕಪುರದ ಕಡೆಯವಳು. ಒಬ್ಬ ಹುಡುಗನ ಅಪ್ಪ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರು. ಇನ್ನೊಬ್ಬ ಮಾಗಡಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಾನೆ. ನಾಲ್ಕನೆಯವಳ ತಾಯಿ ರಾಮನಗರದ ಫಿಲೇಚರಿನಲ್ಲಿ ನೂಲು ಬಿಚ್ಚುತ್ತಾರೆ. ಸೆಮಿಸ್ಟರಿನ ಕೆಲಸವೆಂದು ಒಂದು ಹಾಡಿನ ವಿಡಿಯೊ ಒಪ್ಪಿಸಬೇಕಿತ್ತು. ಸಿನಿಮಾ ಹಾಡಿಗೆ ಕುಣಿದು ಕಳಿಸಿದ್ದರೂ ನಡೆಯುತ್ತಿತ್ತು, ಹಾಗೆ ಮಾಡಿದವರೇ ಹೆಚ್ಚು. ಇವರು ಊರಿನ ಅಜ್ಜಿಯೊಬ್ಬರ ಬೀಸೋ ಪದ ಹಿಡಿಯಲು ಹೊರಟರು. ಹೆದ್ದಾರಿ ಪಕ್ಕದ ಜಾನಪದ ಲೋಕಕ್ಕೆ ಶಾಲೆಯಿಂದ ಹೋಗಿಬಂದ ನೆನಪು ಅವರಲ್ಲಿತ್ತು. ಎಚ್.ಎಲ್. ನಾಗೇಗೌಡರು 1979ರಲ್ಲಿ ಜಾನಪದ ಪರಿಷತ್ತು ಕಟ್ಟಿ, 1994ರಲ್ಲಿ ಈ ಲೋಕವನ್ನು ತೆರೆದರು. ಹಾಡುವವರು ಇಲ್ಲೇ ಪಕ್ಕದ ಮನೆಯಲ್ಲಿದ್ದಾರೆ, ಹೋಗಿ ಕೇಳಬೇಕು ಎನ್ನುವುದು ಇವತ್ತಿನ ಮಕ್ಕಳಿಗೂ ಹೊಳೆಯುತ್ತದಲ್ಲ, ಅದರಲ್ಲಿ ಆ ಹಿರಿಯರ ಪಾಲಿದೆ.

ಅಜ್ಜಿಗೆ ಎಪ್ಪತ್ತು ದಾಟಿದೆ. ಬೀಸೋಕಲ್ಲು ಹಿತ್ತಲು ಸೇರಿ ಎಷ್ಟೋ ವರ್ಷವಾಯಿತು, ರಾಗಿ ಈಗ ಮಿಷನ್ನಿಗೆ ಹೋಗುತ್ತದೆ. ಪದ ಮಾತ್ರ ಮರೆತಿರಲಿಲ್ಲ. ಆದರೆ ಅದು ಸೊಪ್ಪು ಹಾಕುವ ಹೊತ್ತು, ಕೂತು ಹಾಡಲು ಪುರುಸೊತ್ತಿಲ್ಲ. ತಟ್ಟೆಯಿಂದ ತಟ್ಟೆಗೆ ಸೊಪ್ಪು ಉದುರಿಸುತ್ತಲೇ ಹಾಡಿದರು. ಹುಡುಗರು ಒಂದು ಫೋನನ್ನು ಗೋಡೆಗೆ ಒರಗಿಸಿದ್ದ, ಹುಳ ಗೂಡು ಕಟ್ಟುವ ಚಂದ್ರಿಕೆಗೆ ಸಿಕ್ಕಿಸಿ, ಇನ್ನೊಂದನ್ನು ದನಿಗಾಗಿ ಅಜ್ಜಿಯ ಹಿಂದೆಯೇ ಹಿಡಿದುಕೊಂಡು ಓಡಾಡಿ, ಆರು ನಿಮಿಷದ ಹಾಡು ತಂದರು.

ಎಡಿಟಿಂಗ್ ಹೇಗೆ ನಡೆಯುತ್ತದೆ ಎನ್ನುವುದನ್ನು ನಾನು ಮೊದಲ ಸಲ ನೋಡಿದ್ದು ಅವಳ ಪಕ್ಕದಲ್ಲಿ ಕೂತಾಗ. ಫೋನಿನಲ್ಲಿ ಕೈನ್‌ಮಾಸ್ಟರ್ ಎಂಬ ಆ್ಯಪ್ ಹಾಕಿಕೊಂಡು ಶುರು ಮಾಡಿದ್ದರು. ದುಡ್ಡು ಕಟ್ಟದಿದ್ದರೆ ಅದರ ಹೆಸರು ಚಿತ್ರದ ಮೂಲೆಯಲ್ಲಿ ಅಂಟಿಕೊಂಡೇ ಇರುತ್ತದೆ. ಡಾವಿಂಚಿ ರಿಸಾಲ್ವ್ ಎಂಬ ದೊಡ್ಡ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಸಿನಿಮಾದವರೂ ಬಣ್ಣ ತಿದ್ದುವುದು ಅದರಲ್ಲೇ. ಆದರೆ ಹಳೇ ಕಂಪ್ಯೂಟರಿನಲ್ಲಿ ಅದು ತೆರೆದುಕೊಳ್ಳುವುದೇ ಕಷ್ಟ. ಕೊನೆಗೆ ಚಿತ್ರಕ್ಕೆ ಕೆಡೆನ್‌ಲೈವ್, ದನಿಗೆ ಅಡಾಸಿಟಿ ಎಂದಾಯಿತು. ಎರಡೂ ಮುಕ್ತ ತಂತ್ರಾಂಶಗಳು. ಅಡಾಸಿಟಿ 2000ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಿಂದ ಹೊರಬಂದದ್ದು. ಯಾವ್ಯಾವುದೋ ದೇಶದ ಜನ ಬರೆದು, ತಿದ್ದಿ, ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು ಬಿಟ್ಟುಕೊಟ್ಟ ಸಾಧನದಲ್ಲಿ ಕನಕಪುರ ತಾಲ್ಲೂಕಿನ ಹುಡುಗಿಯೊಬ್ಬಳು ಕಾಸು ಕೊಡದೆ, ಕದಿಯದೆ ತನ್ನೂರಿನ ಹಾಡು ಕಟ್ಟುತ್ತಾಳೆ. ಮುಖ ನೋಡದವರಿಗೆ ಮಾಡುವ ಉಪಕಾರ ಇದು. ಇದನ್ನು ಸಣ್ಣ ಮಾತೆಂದು ದಾಟಿಹೋಗಲು ನನಗೆ ಮನಸ್ಸು ಬರುವುದಿಲ್ಲ.

ಅಡಾಸಿಟಿಯಲ್ಲಿ ಬೇಡದ ಸದ್ದು ತೆಗೆಯುವ ಕ್ರಮ ಹೀಗಿದೆ. ಹಾಡು ಶುರುವಾಗುವ ಮುಂಚಿನ ಒಂದೆರಡು ಸೆಕೆಂಡಿನಲ್ಲಿ ಬರೀ ಹಿನ್ನೆಲೆ ಸದ್ದಿರುತ್ತದೆ. ಆ ತುಂಡನ್ನು ಮೌಸಿನಲ್ಲಿ ಹಿಡಿದು, ಇದು ನಾಯ್ಸಿನ ಮಾದರಿ ಎಂದು ತೋರಿಸಬೇಕು. ಯಾವ ಕಂಪನದಲ್ಲಿ ಅದರ ಜೋರು ಎಷ್ಟಿದೆ ಎಂದು ಸಾಫ್ಟ್‌ವೇರ್ ಲೆಕ್ಕ ಹಾಕಿಕೊಳ್ಳುತ್ತದೆ. ಆಮೇಲೆ ಇಡೀ ಹಾಡನ್ನು ಹಿಡಿದು ಗುಂಡಿ ಒತ್ತಿದರೆ ಅದಕ್ಕೆ ಹೊಂದುವುದನ್ನೆಲ್ಲ ಉದ್ದಕ್ಕೂ ತಗ್ಗಿಸುತ್ತ ಹೋಗುತ್ತದೆ. ಯಾವುದು ಹಾಡು, ಯಾವುದು ಕಸ ಎನ್ನುವುದು ಅದಕ್ಕೆ ಗೊತ್ತಿಲ್ಲ, ತೋರಿಸಿಕೊಟ್ಟವರು ನಾವು. ನನ್ನ ಸೊಸೆ ಹುಳ ಮೇಯುವ ಎರಡು ಸೆಕೆಂಡನ್ನು ತೋರಿಸಿದಳು. ಸೋನೆಮಳೆ ನಿಂತಿತು. ಅಜ್ಜಿಯ ದನಿಯೊಂದೇ ಉಳಿಯಿತು, ಸ್ವಲ್ಪ ನೀರಿನಡಿಯಿಂದ ಬಂದಂತೆ.

ಆಮೇಲೆ ಶ್ರುತಿ ತಿದ್ದಿದರು. ಆಟೊಟ್ಯೂನ್ ಎಂದು ಎಲ್ಲರ ಬಾಯಲ್ಲಿರುವ ಹತಾರವನ್ನು 1997ರಲ್ಲಿ ಮಾರುಕಟ್ಟೆಗೆ ತಂದವರು ಆಂಡಿ ಹಿಲ್ಡಬ್ರಾಂಡ್. ಅದಕ್ಕೂ ಮುಂಚೆ ಅವರು ತೈಲ ಕಂಪನಿಗಳಿಗಾಗಿ ಕೆಲಸ ಮಾಡುತ್ತಿದ್ದರು. ನೆಲಕ್ಕೆ ಕಳಿಸಿದ ಕಂಪನ ಮರಳಿ ಬರುವ ರೀತಿ ನೋಡಿ ತೈಲ ಎಲ್ಲಿದೆ ಎಂದು ಹೇಳುವ ಗಣಿತ ಅದು, ಅದೇ ಗಣಿತ ಗಂಟಲಿಗೂ ಒದಗಿತು. ಬುದ್ಧಿಯ ಇಂಥ ಜಿಗಿತ ನೋಡಿದರೆ ನನಗೆ ಇವತ್ತಿಗೂ ಸಂತೋಷವಾಗುತ್ತದೆ. ಆದರೆ ಆ ಗಣಿತಕ್ಕೆ ಹೇಳಿಕೊಟ್ಟ ಸ್ವರ ಹಾರ್ಮೋನಿಯಮ್ಮಿನ ಕಟ್ಟೆಗಳಂತೆ ಸಮ ಅಂತರದ ಹನ್ನೆರಡು. ಹಾಡುವವರ ಸ್ವರ ಎರಡು ಕಟ್ಟೆಗಳ ನಡುವೆ ನಿಂತರೆ ಅದು ತಪ್ಪೆಂದು ತಿಳಿದು ಹತ್ತಿರದ ಕಟ್ಟೆಗೆ ಎಳೆಯುತ್ತದೆ. ನಮ್ಮ ಕಡೆಯ ಬೀಸೋ ಪದ ಇರುವುದೇ ಕಟ್ಟೆಗಳ ನಡುವೆ. ಕಲ್ಲು ಒಂದು ಸುತ್ತು ಬರುವಾಗ ಭುಜದ ಬಲ ಏರುತ್ತದೆ, ಇಳಿಯುತ್ತದೆ, ಅದರ ಜೊತೆ ಸ್ವರವೂ ಜಾರುತ್ತದೆ. ಆ ಜಾರನ್ನು ಫೋನಿನ ಆ್ಯಪೊಂದು ಮೆಟ್ಟಿಲು ಮಾಡಿತು. ಕೆಳಗೆ ರೆಡಿಮೇಡ್ ಡ್ರಮ್ ಲೂಪು ಕೂರಿಸಿದರು. ಮುಖಕ್ಕೆ ನಯ ಮಾಡುವ ಫಿಲ್ಟರು ಹಾಕಿದರು. ಮೂರು ನಿಮಿಷಕ್ಕಿಂತ ಜಾಸ್ತಿ ಯಾರೂ ನೋಡುವುದಿಲ್ಲ ಎಂದು ಹಾಡಿನ ಅರ್ಧವನ್ನು ಕತ್ತರಿಸಿದರು. ನನಗೆ ತೋರಿಸಿದಾಗ ನಾನೂ ಚೆನ್ನಾಗಿದೆ ಎಂದೆ. ಸುಳ್ಳು ಹೇಳಲಿಲ್ಲ, ಚೆನ್ನಾಗಿಯೇ ಕಾಣುತ್ತಿತ್ತು.

‘ನೀವೂ ಬನ್ನಿ ಮಾವ, ಅಜ್ಜಿಗೆ ತೋರಿಸಿಬರೋಣ’ ಎಂದಳು. ಒಂದು ಭಾನುವಾರ ಬಾಳೆಹಣ್ಣು ಹಿಡಿದುಕೊಂಡು ಹೋದೆವು.

ಹುಳದ ಮನೆಯ ಬಾಗಿಲಲ್ಲೇ ಅಜ್ಜಿ ಫೋನು ಹಿಡಿದು ಕೂತರು. ಮನೆಯವರೆಲ್ಲ ಸುತ್ತ ಸೇರಿದರು. ಅಜ್ಜಿಯ ಸೊಸೆ ಬಗ್ಗಿ ನೋಡಿ, ‘ಅತ್ತೆ ನಮ್ಗಿಂತ ಹುಡ್ಗಿ ಆಗವ್ರೆ’ ಎಂದು ನಕ್ಕಳು. ಅಜ್ಜಿ ನಗಲಿಲ್ಲ. ಎರಡು ಸಲ ನೋಡಿದರು. ನಾನು ಆಗಲೇ ಗಮನಿಸಿದ್ದು: ಫಿಲ್ಟರು ಮುಖವನ್ನು ಹುಡುಕಿಕೊಂಡು ಹೋಗಿ ಮುಖಕ್ಕೆ ಮಾತ್ರ ಕೆಲಸ ಮಾಡುತ್ತದೆ. ಪರದೆಯ ಮೇಲೆ ಐವತ್ತರ ಮುಖವೊಂದು, ಎಪ್ಪತ್ತು ದಾಟಿದ ಎರಡು ಕೈ. ಉಗುರಿನ ಸಂದಿಗೆ ಸೊಪ್ಪಿನ ಹಾಲು ಕಪ್ಪಾಗಿ ಕೂತ, ಗೆಣ್ಣು ಉಬ್ಬಿದ, ಹಾಡಿಗೆ ತಕ್ಕಂತೆ ಎಲೆ ಉದುರಿಸುವ ಕೈಗಳು. ಆ ಮುಖ ಆ ಕೈಗಳದ್ದಲ್ಲ.

ಅಜ್ಜಿ ಮುಖದ ಮಾತೆತ್ತಲಿಲ್ಲ. ಕೇಳಿದ್ದು ಬೇರೆ.

‘ಅಲ್ಲ ಕಣ್ ಮಗ, ಹುಳ ಮೇಯೋ ಸದ್ದೇ ಇಲ್ವಲ್ಲ. ಹುಳವೆಲ್ಲ ಸತ್ತೋದ್ವಾ?’

ರೇಷ್ಮೆ ಸಾಕದವರಿಗೆ ಈ ಪ್ರಶ್ನೆಯ ಭಾರ ತಿಳಿಯುವುದು ಕಷ್ಟ. ಐದನೇ ಹಂತದ ಹುಳ ಮೇಯದೆ ಸುಮ್ಮನಾದರೆ ಹಾಲುತೊಂಡೆಯೋ ಸಪ್ಪೆ ರೋಗವೋ ತಗುಲಿರಬಹುದು. ಹುಳ ತನ್ನ ಬದುಕಿನುದ್ದಕ್ಕೂ ತಿನ್ನುವ ಸೊಪ್ಪಿನಲ್ಲಿ ಬಹುಪಾಲು ತಿನ್ನುವುದು ಈ ಕೊನೆಯ ವಾರದಲ್ಲಿ. ಸೊಪ್ಪಿನ ಸಾಲ, ಆಳಿನ ಕೂಲಿ, ನಿದ್ದೆಗೆಟ್ಟ ರಾತ್ರಿ ಎಲ್ಲ ಆಗಲೇ ಖರ್ಚಾಗಿರುತ್ತದೆ. ರಾತ್ರಿ ಎಚ್ಚರವಾದಾಗ ಆ ಸದ್ದು ಕೇಳಿಸಿದರೆ ಮಗ್ಗುಲು ಬದಲಿಸಿ ಮಲಗಬಹುದು. ಕೇಳಿಸದಿದ್ದರೆ ದೀಪ ಹಿಡಿದು ಓಡಬೇಕು. ಅಜ್ಜಿ ಐವತ್ತು ವರ್ಷದಿಂದ ಕಿವಿಗೊಟ್ಟು ಮಲಗಿದ ಸದ್ದನ್ನು ನಾವು ಕಸವೆಂದು ಗುಡಿಸಿ ಹಾಕಿದ್ದೆವು.

ಎರಡನೆಯ ಮಾತನ್ನು ಏಳುವಾಗ ಹೇಳಿದರು. ‘ಪದ ಮುಗಿದೇ ಇಲ್ವಲ್ಲವ್ವ. ತವರಿಗೆ, ಮಕ್ಕಳಿಗೆ ಹರಸೋದ ಬುಟ್ಟು ಎದ್ದೋದ್ರೆ ಬೀಸಿದ್ದು ದಕ್ಕೀತಾ?’

ಹರಸದೆ ಎದ್ದರೆ ಹಿಟ್ಟು ದಕ್ಕುವುದಿಲ್ಲ ಎನ್ನುವುದನ್ನು ನಾನು ನಂಬುವುದಿಲ್ಲ. ಹಿಟ್ಟು ದಕ್ಕುವುದು ಹೊಟ್ಟೆಗೆ, ಹರಕೆಗೂ ಅದಕ್ಕೂ ಸಂಬಂಧವಿಲ್ಲ. ಮೂಢನಂಬಿಕೆಯ ವಿರುದ್ಧ ಇಷ್ಟು ವರ್ಷ ಮಾತಾಡಿದವನು ನಾನು, ಆ ಮಾತಿಗೆ ತಲೆಯಾಡಿಸಲಾರೆ. ಆದರೆ ಅವರ ದೂರಿನಲ್ಲಿ ಇನ್ನೊಂದು ಮಾತು ಸೇರಿಕೊಂಡಿದೆ, ಅದು ಪೂರ್ತಿ ನಿಜ. ಪದಕ್ಕೆ ಒಂದು ಕಟ್ಟಿದೆ, ಅದು ಶುರುವಾಗುವ ಕಡೆ ಶುರುವಾಗುತ್ತದೆ, ಹರಸಿ ಮುಗಿಯುತ್ತದೆ, ಆ ಕಟ್ಟನ್ನು ಬಲ್ಲವರು ಅವರು. ನಂಬಿಕೆಯನ್ನು ಪ್ರಶ್ನಿಸುವ ಹುರುಪಿನಲ್ಲಿ ಆ ತಿಳಿವಳಿಕೆಯನ್ನೂ ತಳ್ಳಿಹಾಕಿದರೆ ನಮ್ಮ ವೈಚಾರಿಕತೆಯೇ ಕಣ್ಣು ಮುಚ್ಚಿಕೊಂಡಂತೆ.

ಕೊನೆಯನ್ನು ಕತ್ತರಿಸುವ ಕತೆ ರಾಮನಗರಕ್ಕೆ ಹೊಸದಲ್ಲ. 1973ರ ಅಕ್ಟೋಬರಿನಲ್ಲಿ ರಾಮದೇವರ ಬೆಟ್ಟದ ಬುಡದಲ್ಲಿ ‘ಶೋಲೆ’ಯ ಚಿತ್ರೀಕರಣ ಶುರುವಾಯಿತು. ಬಂಡೆಗಳ ನಡುವೆ ರಾಮ್‌ಗಢ ಎಂಬ ಇಲ್ಲದ ಊರನ್ನು ಕಟ್ಟಿದರು. ನಿರ್ದೇಶಕ ರಮೇಶ್ ಸಿಪ್ಪಿ ಮೊದಲು ತೆಗೆದ ಕೊನೆಯಲ್ಲಿ ಠಾಕೂರ್ ಮೊಳೆ ಬಡಿದ ಬೂಟಿನಿಂದ ಡಕಾಯಿತ ಗಬ್ಬರ್‌ನನ್ನು ತುಳಿದು ಕೊಲ್ಲುತ್ತಾನೆ. ಆಗ ತುರ್ತುಪರಿಸ್ಥಿತಿ. ಸೆನ್ಸಾರಿನವರು ಒಪ್ಪಲಿಲ್ಲ. ಪೊಲೀಸರು ಬಂದು ಗಬ್ಬರ್‌ನನ್ನು ಹಿಡಿದೊಯ್ಯುವ ಕೊನೆಯನ್ನು ಮತ್ತೆ ತೆಗೆದು ಅಂಟಿಸಿ, 1975ರ ಆಗಸ್ಟ್ 15ಕ್ಕೆ ಬಿಡುಗಡೆ ಮಾಡಿದರು. ಆ ಚಿತ್ರಕ್ಕೆ ಆ ವರ್ಷ ಬಂದ ಒಂದೇ ಒಂದು ಫಿಲ್ಮ್‌ಫೇರ್ ಪ್ರಶಸ್ತಿ ಎಡಿಟರ್ ಎಂ.ಎಸ್. ಶಿಂಧೆ ಅವರದು. ಮೂಲ ಕೊನೆಯಿರುವ, ದುರಸ್ತಿಗೊಂಡ ಪ್ರತಿ 2025ರ ಜೂನಿನಲ್ಲಿ ಇಟಲಿಯ ಬೊಲೊನ್ಯಾದಲ್ಲಿ ತೆರೆ ಕಂಡಿತು. ನಮ್ಮ ಬಂಡೆಗಳ ಮೇಲೆ ತೆಗೆದದ್ದು ದೊಡ್ಡ ತೆರೆಗೆ ಪೂರ್ತಿಯಾಗಿ ಬರಲು ಐವತ್ತು ವರ್ಷ ಹಿಡಿಯಿತು. ಕತ್ತರಿ ಯಾರ ಕೈಲಿದೆ, ಯಾರ ಭಯಕ್ಕೆ ಕತ್ತರಿಸುತ್ತಿದೆ ಎಂದು ಕೇಳಬೇಕಾದದ್ದು ಇದಕ್ಕೇ.

ಇಲ್ಲದ ಊರನ್ನು ಕಟ್ಟಿದ್ದು ಮೋಸವೇ ಎಂದು ಮಾಗಡಿಯ ಹುಡುಗ ಕೇಳಿದ. ಅವನಿಗೆ ಸಾವನದುರ್ಗ ಮನೆಯ ಹಿತ್ತಲಿದ್ದಂತೆ. ಅಲ್ಲಿ ಡೇವಿಡ್ ಲೀನ್ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರಕ್ಕೆ ಕತೆಯ ಗುಹೆಗಳನ್ನು ತೋರಿಸಿದ್ದು ಅವನಿಗೆ ಗೊತ್ತು. ಮೋಸವಲ್ಲ ಎಂದೆ. ಕತೆ ಎಂದು ತಿಳಿದೇ ಜನ ಟಿಕೆಟ್ ಕೊಳ್ಳುತ್ತಾರೆ. ಕತೆಯಲ್ಲಿ ಬಂಡೆ ಏನು ಬೇಕಾದರೂ ಆಗಬಹುದು. ಇದು ನಿಜ, ಇದು ಇಂಥ ಅಜ್ಜಿಯ ಹಾಡು ಎಂದು ಹೇಳಿ ಮುಂದಿಡುವಾಗ ಹಾಗಲ್ಲ. ಆಗ ನೋಡುವವರು ನಮ್ಮ ಮಾತನ್ನು ನಂಬಿ ಕೂತಿರುತ್ತಾರೆ.

ಆ ನಂಬಿಕೆ ಮುರಿದರೆ ಏನಾಗುತ್ತದೆ ಎನ್ನುವುದನ್ನು ಈ ರಾಜ್ಯ ರಕ್ತ ಕೊಟ್ಟು ಕಲಿತಿದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ವಾಟ್ಸಾಪಿನಲ್ಲಿ ಊರೂರು ತಿರುಗಿತು. ಅದರ ಜೊತೆ ದೇಶದುದ್ದಕ್ಕೂ ಹರಿದ ವಿಡಿಯೊ ಒಂದರಲ್ಲಿ ಬೈಕಿನಲ್ಲಿ ಬಂದ ಇಬ್ಬರು ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಮೂಲದಲ್ಲಿ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಅವರೇ ಮಗುವನ್ನು ಮರಳಿ ತಂದು ಬಿಟ್ಟು, ಮಕ್ಕಳ ಕಳ್ಳತನದ ಬಗ್ಗೆ ಎಚ್ಚರಿಸುವ ಫಲಕ ಹಿಡಿಯುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದರು. ಅಷ್ಟೇ ಎಡಿಟಿಂಗ್, ಹತ್ತು ಸೆಕೆಂಡಿನ ಕೆಲಸ. ಆ ಸುದ್ದಿಯ ಅಲೆಯಲ್ಲಿ ಮೇ ತಿಂಗಳಿನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ ಯುವಕನನ್ನು ಕೈ ಕಟ್ಟಿ ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಎಂಜಿನಿಯರ್ ಸತ್ತರು. ಅವರು ಮತ್ತು ಜೊತೆಗಾರರು ಮಾಡಿದ್ದು ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು. ಹೊಡೆದವರು ರಾಕ್ಷಸರಲ್ಲ. ತಮ್ಮ ಮಕ್ಕಳನ್ನು ಪ್ರೀತಿಸುವ ಜನ. ಕಣ್ಣಾರೆ ಕಂಡದ್ದು ಸುಳ್ಳಾಗಲಾರದು ಎಂದು ನಂಬಿದ ಜನ.

ಎಡಿಟಿಂಗನ್ನು ಶಾಲೆಯಲ್ಲೇ ಕಲಿಸಬೇಕು ಎಂದು ನಾನು ಹೋದಲ್ಲೆಲ್ಲ ವಾದಿಸುವುದು ಇದೇ ಕಾರಣಕ್ಕೆ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಆಮೇಲೆ ಹಳ್ಳಿಹಳ್ಳಿಗೆ ಹೋಗಿ ಕೈಯಿಂದ ಬೂದಿ ಉದುರಿಸಿ, ಅದು ಹೇಗೆಂದು ತೋರಿಸಿ ಪವಾಡ ಬಯಲು ಮಾಡಿದ ಎಷ್ಟೋ ಕಾರ್ಯಕರ್ತರನ್ನು ನಾನು ನೋಡಿದ್ದೇನೆ. ಬೂದಿ ಉಂಡೆಯನ್ನು ಬೆರಳ ಸಂದಿಯಲ್ಲಿ ತಾನೇ ಹಿಡಿದು ನೋಡಿದ ಹುಡುಗ ಮತ್ತೆ ಆ ಬಾಬಾನ ಕಾಲಿಗೆ ಬೀಳುವುದಿಲ್ಲ. ಹಾಗೇ, ಒಬ್ಬರ ದನಿಯನ್ನು ಇನ್ನೊಬ್ಬರ ತುಟಿಗೆ ತಾನೇ ಹೊಂದಿಸಿದ ಹುಡುಗಿ, ಅಳುವ ಮುಖದ ಪಕ್ಕ ಸುಡುವ ಮನೆ ಇಟ್ಟು ಅರ್ಥ ಬದಲಾದದ್ದನ್ನು ತಾನೇ ಕಂಡ ಹುಡುಗಿ, ನಾಳೆ ಫಾರ್ವರ್ಡ್ ಆಗಿ ಬಂದ ವಿಡಿಯೊ ನೋಡಿ ಮೊದಲು ಕೇಳುವುದು: ಇದರ ಹಿಂದೆ ಏನಿತ್ತು, ಮುಂದೆ ಏನಿತ್ತು? ಎಐ ಇಡೀ ಮನುಷ್ಯನನ್ನೇ ಹುಟ್ಟಿಸಿ ಮಾತಾಡಿಸುವ ಈ ಕಾಲದಲ್ಲಿ ಇದಕ್ಕಿಂತ ಉಪಯೋಗದ ವಿಜ್ಞಾನ ಪಾಠ ನನಗಂತೂ ಹೊಳೆಯುತ್ತಿಲ್ಲ.

ರಾಮನಗರದಲ್ಲಿ ‘ರೀಲ್’ ಎನ್ನುವ ಮಾತಿಗೆ ಎಷ್ಟು ಅರ್ಥ ನೋಡಿ. ಗೂಡು ಬೇಯಿಸಿ ಎಳೆ ತೆಗೆಯುವವರು ರೀಲರ್. ಬೆಟ್ಟಕ್ಕೆ ಸಿನಿಮಾದವರು ತಂದದ್ದು ರೀಲು. ಮಕ್ಕಳು ಈಗ ಮಾಡುವುದು ರೀಲ್ಸ್. ಸುಳ್ಳು ಹೇಳುವವನಿಗೆ ‘ರೀಲು ಬಿಡಬೇಡ’ ಎನ್ನುತ್ತೇವೆ. ಫಿಲೇಚರಿನ ತಾಯಿಯ ಮಗಳು ಒಂದು ಮಾತು ಹೇಳಿದಳು: ಅವಳ ಅಮ್ಮ ಕುದಿನೀರಿನಲ್ಲಿ ಗೂಡಿನ ಮೇಲಿನ ಒರಟು ಜುಂಗನ್ನು ಬಿಡಿಸಿ ಎಸೆದು, ಆಮೇಲೆ ಎಳೆ ಹಿಡಿಯುತ್ತಾರಂತೆ. ಏನನ್ನೂ ಎಸೆಯದೆ ನೂಲಾಗುವುದಿಲ್ಲ. ಚನ್ನಪಟ್ಟಣದ ಹುಡುಗನೂ ಅದನ್ನೇ ಹೇಳಿದ. ಅವನ ಅಪ್ಪ ಆಲೆ ಮರದ ತುಂಡನ್ನು ತಿರುಗಣಿಗೆ ಸಿಕ್ಕಿಸಿ ಉಳಿ ಹಿಡಿದರೆ ಹೊಟ್ಟು ಹಾರುತ್ತದೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅದು ಕರಗಿ ಬಣ್ಣ ಹಿಡಿಯುತ್ತದೆ. ಕಡೆಯದೆ ಬೊಂಬೆ ಬರುವುದಿಲ್ಲ ಎಂದ. ಒಪ್ಪಿದೆ. ಕತ್ತರಿಸುವುದೇ ತಪ್ಪು ಎನ್ನುವವನಲ್ಲ ನಾನು. ಆದರೆ ಮರಕ್ಕೆ ತನ್ನ ಮೇಲೆ ನಡೆದ ಕೆಲಸದ ಬಗ್ಗೆ ಹೇಳುವುದೇನೂ ಇಲ್ಲ. ಹಾಡಿದವರಿಗೆ ಇದೆ, ಹೋಗಿ ಕೇಳಿದರೆ ಹೇಳುತ್ತಾರೆ.

ಕಾನೂನು ಏನು ಹೇಳುತ್ತದೆ ಎಂದೂ ನೋಡಿದೆವು. 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ 38ಬಿ ಎಂಬ ಕಲಂ ಸೇರಿತು. ಹಾಡುವವರು, ಕುಣಿಯುವವರು, ನಟಿಸುವವರು ತಮ್ಮ ಹೆಸರು ಹೇಳಿಸಿಕೊಳ್ಳುವ ಹಕ್ಕು ಅದರಲ್ಲಿದೆ. ತಮ್ಮ ಗೌರವಕ್ಕೆ ಕುಂದು ಬರುವಂತೆ ತಿರುಚಿದರೆ ತಡೆಯುವ ಹಕ್ಕೂ ಇದೆ. ಅಕ್ಷರ ಬಾರದ ಅಜ್ಜಿಗೂ ಸಿನಿಮಾ ಗಾಯಕಿಗೂ ಅದು ಒಂದೇ. ಒಳ್ಳೆಯ ಕಲಂ. ಅದರ ಕೆಳಗೇ ಒಂದು ವಿವರಣೆಯಿದೆ: ಎಡಿಟಿಂಗಿಗಾಗಿ, ಅಥವಾ ಇಂತಿಷ್ಟೇ ಅವಧಿಗೆ ಹೊಂದಿಸಲು ಒಂದು ಭಾಗ ತೆಗೆದರೆ ಅದನ್ನು ಗೌರವಕ್ಕೆ ಕುಂದು ಎಂದು ಎಣಿಸುವಂತಿಲ್ಲ. ಅಂದರೆ ಹರಕೆಯನ್ನು ಕತ್ತರಿಸಿದ ಮಕ್ಕಳು ಕಾನೂನಿನ ಮುಂದೆ ತಪ್ಪು ಮಾಡಿಲ್ಲ. ಓದಿ ಮುಗಿಸಿದ ಮೇಲೆ ನನ್ನ ಸೊಸೆ ಸಮಾಧಾನಪಡಲಿಲ್ಲ. ‘ಕೋರ್ಟು ಬಿಡಬಹುದು ಮಾವ, ಆದ್ರೆ ಅಜ್ಜಿ ಮುಖ ನೋಡ್ಬೇಕಲ್ಲ’ ಎಂದಳು.

ದೇವರ ಹೆದರಿಕೆ ಇಲ್ಲದಿದ್ದರೆ ಜನ ಯಾಕೆ ನೆಟ್ಟಗಿರುತ್ತಾರೆ ಎಂದು ನನ್ನನ್ನು ಎಷ್ಟೋ ಸಲ ಕೇಳಿದ್ದಾರೆ. ಇನ್ನು ಮೇಲೆ ಈ ಹುಡುಗಿಯ ಮಾತನ್ನು ಹೇಳುತ್ತೇನೆ. ಅವಳಿಗೆ ಯಾವ ದೇವರೂ ಶಾಪ ಕೊಟ್ಟಿರಲಿಲ್ಲ, ಮಾರ್ಕ್ಸೂ ಹೋಗುತ್ತಿರಲಿಲ್ಲ. ತಾನು ಕೆಲಸ ಮಾಡಿದ್ದು ಯಾರ ಮೇಲೋ ಅವರ ಪಕ್ಕ ಕೂತು ಅವರ ಕಣ್ಣಿನಿಂದ ಒಂದು ಸಲ ಅದನ್ನು ನೋಡಿದಳು, ಅಷ್ಟೇ.

ಮುಖ ನಯ ಮಾಡುವ ಫಿಲ್ಟರಿನ ಬಗ್ಗೆ ಒಂದು ಮಾತು ಉಳಿದಿದೆ. ಯಂತ್ರಕ್ಕೆ ಪಕ್ಷಪಾತ ಎಲ್ಲಿಂದ ಬರಬೇಕು ಎನ್ನುವವರಿದ್ದಾರೆ. ಕೊಡಾಕ್ ಕಂಪನಿ ಬಣ್ಣದ ಫಿಲ್ಮನ್ನು ಹದ ಮಾಡಲು ‘ಶರ್ಲಿ’ ಎಂಬ ಬಿಳಿ ಹೆಂಗಸಿನ ಚಿತ್ರವಿದ್ದ ಕಾರ್ಡನ್ನು ದಶಕಗಳ ಕಾಲ ಸ್ಟುಡಿಯೊಗಳಿಗೆ ಕಳಿಸುತ್ತಿತ್ತು. ಅವಳ ಚರ್ಮ ಸರಿ ಬಂದರೆ ಎಲ್ಲ ಸರಿ. ಕಪ್ಪು ಜನರ ಮುಖ ಮಸಿಯಂತೆ ಬರುತ್ತಿದ್ದಾಗ ಅದು ದೊಡ್ಡ ಕೊರತೆ ಎನಿಸಲಿಲ್ಲ. ಮರದ ಪೀಠೋಪಕರಣ ಮತ್ತು ಚಾಕೊಲೇಟ್ ಮಾರುವವರು ತಮ್ಮ ಸರಕಿನ ಕಂದು ಬಣ್ಣ ಸರಿಯಾಗಿ ಬರುವುದಿಲ್ಲ ಎಂದು ದೂರಿದ ಮೇಲೆ ಆ ಕಡೆ ಗಮನ ಹೋಯಿತು. ಕುರ್ಚಿಗೆ ಸಿಕ್ಕ ಕಾಳಜಿ ಮನುಷ್ಯರಿಗೆ ತಡವಾಗಿ ಸಿಕ್ಕಿತು. ಫಿಲ್ಟರು ಅಜ್ಜಿಯ ಮುಖವನ್ನು ನಯ ಮಾಡುವಾಗ ಒಂದು ಸುತ್ತು ಬೆಳ್ಳಗೂ ಮಾಡಿತ್ತು. ನಾಲ್ವರಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಚೆಂದ ಎಂದರೆ ಬೆಳ್ಳಗೆ ಎಂದು ಯಾರೋ ಎಲ್ಲೋ ಅದಕ್ಕೆ ಮೊದಲೇ ಹೇಳಿಕೊಟ್ಟಿದ್ದರು.

ಮಕ್ಕಳು ಮೊದಲಿನಿಂದ ಮತ್ತೆ ಕೂತರು. ಬೆಟ್ಟವನ್ನು ಮೇಲಿನಿಂದ ತೋರಿಸಲು ಬಾಡಿಗೆ ಡ್ರೋನ್ ತರುವ ಯೋಚನೆ ಮೊದಲಿನಿಂದಲೂ ಇತ್ತು, ಅದನ್ನು ಬಿಟ್ಟರು. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಅಭಯಾರಣ್ಯ. ಉದ್ದ ಕೊಕ್ಕಿನ ರಣಹದ್ದು ಬಂಡೆಯ ಸಂದಿಯಲ್ಲಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ, ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧಿಯಿಂದ ದೇಶದುದ್ದಕ್ಕೂ ಸತ್ತು ಅಳಿದುಳಿದದ್ದು ಅದು. ಒಂದು ಶಾಟ್‌ಗಾಗಿ ಅದರ ಗೂಡಿನ ಮುಂದೆ ಯಂತ್ರ ಹಾರಿಸುವುದು ಬೇಡ ಎಂದು ಅವರೇ ತೀರ್ಮಾನಿಸಿದರು. ರಸ್ತೆಯಿಂದ ಕಾಣುವ ಬೆಟ್ಟವೇ ವಿಡಿಯೊದಲ್ಲಿದೆ.

ಡ್ರಮ್ ಲೂಪು ಹೋಗಿ, ಚನ್ನಪಟ್ಟಣದ ಹುಡುಗನ ಅಪ್ಪ ಕಡೆದ ಗಿಲಕಿ ಬಂತು. ತಿರುಗಣಿಯ ಸದ್ದನ್ನೂ ಅವನು ಹಿಡಿದು ತಂದಿದ್ದ. ಅದು ಬೀಸೋಕಲ್ಲಿನ ಸುತ್ತಿಗೆ ಆಶ್ಚರ್ಯವಾಗುವಷ್ಟು ಹೊಂದಿತು. ಶ್ರುತಿ ತಿದ್ದಿದ್ದನ್ನು, ಫಿಲ್ಟರನ್ನು ತೆಗೆದರು. ಸ್ವಲ್ಪ ಬೆಳಕು ಮಾತ್ರ ಏರಿಸಿದರು, ಹುಳದ ಮನೆ ಕತ್ತಲಾದ್ದರಿಂದ ಅದು ಬೇಕಿತ್ತು. ಅಜ್ಜಿ ಉಸಿರಿಗೆ ನಿಂತು ‘ಈ ತಟ್ಟೆಗೆ ಸಾಲ್ದು ತತ್ತಾ’ ಎಂದು ಮೊಮ್ಮಗನಿಗೆ ಹೇಳಿದ್ದನ್ನು ಹಾಡಿನ ನಡುವೆ ಹಾಗೇ ಇಟ್ಟರು. ಅದು ಇರಬೇಕೋ ಬೇಡವೋ ಎಂದು ನಾಲ್ವರೂ ಒಂದು ಗಂಟೆ ಜಗಳವಾಡಿದ್ದಾರೆ. ಇರಲಿ ಎಂದವರು ಗೆದ್ದದ್ದು ನನಗೆ ಖುಷಿ.

ಕೊನೆಯಲ್ಲಿ ಹೆಸರು ಹಾಕುವಾಗ ಇನ್ನೊಂದು ತೊಡಕು. ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿ ತಂದ ಊರಿನ ಹೆಸರು ಪರದೆಯ ಮೇಲೆ ಒಂದಕ್ಕೊಂದು ಸಂಬಂಧವಿಲ್ಲದ ಇಂಗ್ಲಿಷ್ ಅಕ್ಷರವಾಗಿ ಕೂತಿತು. ಯೂನಿಕೋಡಿನಲ್ಲಿ ಮತ್ತೆ ಟೈಪು ಮಾಡಿ, ನೋಟೊ ಸಾನ್ಸ್ ಕನ್ನಡ ಹಾಕಿ, ಒತ್ತಕ್ಷರ ಒಡೆದಿದೆಯೇ ಎಂದು ದೊಡ್ಡದು ಮಾಡಿ ನೋಡಿದರು. ಇಂಗ್ಲಿಷಿನಲ್ಲೇ ಹಾಕಿಬಿಡೋಣ ಎಂದು ಒಬ್ಬ ಹೇಳಿದ್ದನ್ನು ಉಳಿದವರು ಕಿವಿಗೆ ಹಾಕಿಕೊಳ್ಳಲಿಲ್ಲ. ಅಜ್ಜಿಯ ಹೆಸರು ಮೊದಲು, ತಮ್ಮ ನಾಲ್ಕು ಹೆಸರು ಆಮೇಲೆ.

ಎರಡನೇ ಸಲ ಹೋದಾಗ ಆ ಬೆಳೆಯ ಗೂಡು ಮಾರುಕಟ್ಟೆಗೆ ಹೋಗಿ, ಹೊಸ ಬೆಳೆ ಬಂದಿತ್ತು. ಎರಡನೇ ಜ್ವರದ ಸಣ್ಣ ಹುಳ. ಕಿವಿ ಹತ್ತಿರ ಹಿಡಿದರೂ ಅವುಗಳ ಸದ್ದು ಕೇಳಿಸದು. ಮನೆಯೊಳಗೆಲ್ಲ ಮೌನ, ಹೊಸ ಸೊಪ್ಪಿನ ಹಸಿ ವಾಸನೆ. ಅಜ್ಜಿ ಅದೇ ಬಾಗಿಲಲ್ಲಿ ಕೂತು ಫೋನು ಹಿಡಿದರು. ಹಾಡು ಆರು ನಿಮಿಷ. ಹರಸುವ ಸಾಲು ಬಂದಾಗ ಅವರ ತುಟಿಯೂ ಆಡಿತು. ಹಾಡು ನಿಂತ ಮೇಲೆ ನಲವತ್ತು ಸೆಕೆಂಡು ಪರದೆಯ ಮೇಲೆ ಯಾರೂ ಇಲ್ಲ. ಒಂದು ತಟ್ಟೆ, ಸೊಪ್ಪು, ಹುಳ ಮೇಯುವ ಸದ್ದು. ಅಜ್ಜಿ ಫೋನನ್ನು ಕಿವಿಗೆ ಒತ್ತಿಕೊಂಡು ಅಷ್ಟನ್ನೂ ಕೇಳಿದರು. ಮುಗಿದ ಮೇಲೆ ಫೋನನ್ನು ಹುಡುಗಿಯ ಕೈಗೆ ಕೊಟ್ಟು, ‘ಚೆನ್ನಾಗಿ ಮೇಯ್ತಾವೆ’ ಎಂದು ಹೇಳಿ, ಸೊಪ್ಪು ಹೆಚ್ಚಲು ಒಳಗೆ ಎದ್ದುಹೋದರು.